ಇನ್ನೆರಡು ರ‍್ಯಾಮ್ ಸ್ಟಿಕ್ ಸೇರಿಸಲೇ, ಹೊಸ ಕಿಟ್ ಕೊಳ್ಳಲೇ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ರೈಜೆನ್ 5 5600ಎಕ್ಸ್ ಪ್ರೊಸೆಸರ್ ಇದೆ, ಎಲ್ಲ ಕೋರ್‌ಗಳನ್ನೂ ಮೂಲ ವೇಗ ಮೀರಿಸಿ 4.6 ಗಿಗಾಹರ್ಟ್ಸ್‌ಗೆ ಓವರ್‌ಕ್ಲಾಕ್ ಮಾಡಿದ್ದೇನೆ. 8 ಜಿಬಿಯ ಎರಡು ಡಿಡಿಆರ್4-3600 ಸಿಎಲ್18 ಸ್ಟಿಕ್‌ಗಳು ಎಕ್ಸ್‌ಎಂಪಿಯಲ್ಲಿ (ತಯಾರಕರು ಸ್ಟಿಕ್‌ನಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್) ಓಡುತ್ತಿವೆ. ವಿಡಿಯೊ ಎಡಿಟಿಂಗ್‌ಗೆ 16 ಜಿಬಿ ಸಾಲುತ್ತಿಲ್ಲ. ಅದೇ ಮಾಡೆಲ್‌ನ ಇನ್ನೆರಡು ಸ್ಟಿಕ್ ಹಾಕಲೇ? ಅಥವಾ 4400ರ ಕಿಟ್ ಕೊಳ್ಳಲೇ?

ಉತ್ತರ: ಎರಡೂ ಬೇಡ. 16 ಜಿಬಿಯ ಎರಡು ಸ್ಟಿಕ್ ಇರುವ, ಒಂದೇ ಪೆಟ್ಟಿಗೆಯಲ್ಲಿ ಬಂದ 3600ರ ಕಿಟ್ ತೆಗೆದುಕೊಳ್ಳಿ.

ಮೊದಲು 4400ರ ಆಸೆ ಬಿಡಿ. ಈ ಪ್ರೊಸೆಸರ್‌ನಲ್ಲಿ ಮೆಮೊರಿ, ಅದರ ಕಂಟ್ರೋಲರ್ ಮತ್ತು ಪ್ರೊಸೆಸರ್‌ನ ಒಳಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಮೂರೂ ಒಂದೇ ಗತಿಯಲ್ಲಿ ಓಡಿದರೆ ಚೆನ್ನ. 3600 ಎಂದರೆ ಅಸಲಿ ಗಡಿಯಾರ 1800 ಮೆಗಾಹರ್ಟ್ಸ್. ಅದಕ್ಕೆ ಫ್ಯಾಬ್ರಿಕ್ ಸಾಮಾನ್ಯವಾಗಿ ಸುಲಭವಾಗಿ ಹೊಂದಿಕೊಳ್ಳುತ್ತದೆ. 1900 ಕೆಲವು ಚಿಪ್‌ಗಳಿಗೆ ಆಗುತ್ತದೆ, ಕೆಲವಕ್ಕೆ ಆಗದು. 4400ಕ್ಕೆ 2200 ಬೇಕು, ಅಷ್ಟು ಏರಲಾಗದೆ ಕಂಟ್ರೋಲರ್ ಅರ್ಧ ಗತಿಗೆ ಇಳಿಯುತ್ತದೆ. ಆಗ ಪೆಟ್ಟಿಗೆಯ ಮೇಲಿನ ಸಂಖ್ಯೆ ದೊಡ್ಡದು, ಕಾಯುವ ಸಮಯವೂ ದೊಡ್ಡದು.

ಕಾಯುವ ಸಮಯದ ಲೆಕ್ಕ ಸುಲಭ: ಸಿಎಲ್ (ಕೇಳಿದ ಡೇಟಾ ಬರುವವರೆಗೆ ಕಾಯಬೇಕಾದ ಗಡಿಯಾರದ ಸುತ್ತುಗಳು) ಅನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ. ನಿಮ್ಮ 3600 ಸಿಎಲ್18ಕ್ಕೆ 10 ನ್ಯಾನೊಸೆಕೆಂಡ್. 3200 ಸಿಎಲ್16ಕ್ಕೂ 10ವೇ. 3600 ಸಿಎಲ್16 ಆದರೆ ಸುಮಾರು 8.9. ಹೆಚ್ಚುವರಿ ಹಣ ಕೊಡುವುದಿದ್ದರೆ ಈ ಸಿಎಲ್16ಕ್ಕೆ ಕೊಡಿ, ಮಿನುಗುವ ದೀಪಗಳಿಗಲ್ಲ. ದೀಪದ ಕಿಟ್‌ಗಳು ಎತ್ತರ ಬೇರೆ. ದೊಡ್ಡ ಏರ್ ಕೂಲರ್ ಇದ್ದರೆ ಫ್ಯಾನ್‌ಗೆ ತಾಗಬಹುದು, ಅಳೆದು ಕೊಳ್ಳಿ.

ಇನ್ನು ಎರಡು ಸ್ಟಿಕ್ ಸೇರಿಸುವ ವಿಚಾರ. ಓಡಲೂಬಹುದು, ಆದರೆ ಅದು ಜೂಜು. ಎಎಂಡಿಯೇ ಈ ಪ್ರೊಸೆಸರ್‌ಗೆ ಎರಡು ಸ್ಟಿಕ್ ಇದ್ದರೆ 3200 ಎನ್ನುತ್ತದೆ, ನಾಲ್ಕು ಸ್ಲಾಟ್ ತುಂಬಿದರೆ 2933ಕ್ಕೋ 2667ಕ್ಕೋ ಇಳಿಸುತ್ತದೆ. ಅಂದರೆ 3600 ಈಗಾಗಲೇ ಓವರ್‌ಕ್ಲಾಕ್. ನಾಲ್ಕು ಸ್ಟಿಕ್ ಹೊರಿಸಿದರೆ ಕಂಟ್ರೋಲರ್‌ಗೆ ಭಾರ ಇನ್ನೂ ಹೆಚ್ಚು. ಜೊತೆಗೆ, ಮಾಡೆಲ್ ನಂಬರ್ ಒಂದೇ ಆದರೂ ಒಳಗಿನ ಚಿಪ್ ಬೇರೆ ಇರಬಹುದು: ಒಂದು ಬ್ಯಾಚಿನಲ್ಲಿ ಸ್ಯಾಮ್‌ಸಂಗ್, ಇನ್ನೊಂದರಲ್ಲಿ ಹೈನಿಕ್ಸ್. ಕೆಲವು ಬ್ರ್ಯಾಂಡ್‌ಗಳ ಲೇಬಲ್ಲಿನಲ್ಲಿ ಸಣ್ಣಕ್ಷರದ ವರ್ಷನ್ ಸಂಖ್ಯೆ ಇರುತ್ತದೆ, ಅದು ಬದಲಾಗಿದ್ದರೆ ಚಿಪ್ಪೂ ಬದಲಾಗಿದೆ ಎಂದೇ ತಿಳಿಯಿರಿ.

ಹೊಸ ಕಿಟ್ ಹಾಕುವ ಮುನ್ನ ಬಯೋಸ್‌ನ (ಯಂತ್ರ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಓವರ್‌ಕ್ಲಾಕ್ ಪುಟಗಳ ಫೋಟೊ ತೆಗೆದಿಟ್ಟುಕೊಂಡು ಪ್ರೊಸೆಸರ್ ಅನ್ನು ಮೂಲ ವೇಗಕ್ಕೆ ತನ್ನಿ. ಹೆಚ್ಚಿನವರು ಬಿಡುವ ಹೆಜ್ಜೆ ಇದೇ. ಆಮೇಲೆ ಯಂತ್ರ ಕುಸಿದರೆ ತಪ್ಪು ಕೋರಿನದೋ ರ‍್ಯಾಮಿನದೋ ಗೊತ್ತಾಗುವುದಿಲ್ಲ. ವಿದ್ಯುತ್ ಪೂರ್ತಿ ತೆಗೆದು, ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. ಎರಡೂ ತುದಿ ಕೂರುವವರೆಗೆ ಒತ್ತಿ; ಕೆಲವು ಮದರ್‌ಬೋರ್ಡ್‌ಗಳಲ್ಲಿ ಕ್ಲಿಪ್ ಒಂದೇ ಬದಿಗಿರುತ್ತದೆ, ಇನ್ನೊಂದು ಬದಿ ಅರ್ಧ ಕೂತಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಎಕ್ಸ್‌ಎಂಪಿ ಆನ್ ಮಾಡಿ. ರ‍್ಯಾಮ್ ವೋಲ್ಟೇಜ್ 1.35 ಇದೆಯೇ, ಫ್ಯಾಬ್ರಿಕ್ 1800ರಲ್ಲಿ ನಿಂತಿದೆಯೇ ನೋಡಿ. ಬೂಟ್ ಆಗದಿದ್ದರೆ ಗಾಬರಿ ಬೇಡ. ಬೋರ್ಡ್ ತಾನೇ ಕೆಲವು ಸಲ ಪ್ರಯತ್ನಿಸುತ್ತದೆ. ಆಗಲೂ ಏಳದಿದ್ದರೆ ಪ್ಲಗ್ ತೆಗೆದು ಸಿಮಾಸ್ ಕ್ಲಿಯರ್ ಮಾಡಿ, ಅಂದರೆ ಬಯೋಸ್ ಸೆಟ್ಟಿಂಗ್‌ಗಳನ್ನು ಮೂಲ ಸ್ಥಿತಿಗೆ ತನ್ನಿ.

ನಂತರ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ನಾಲ್ಕು ಸುತ್ತು ಓಡಿಸಿ, ರಾತ್ರಿ ಬಿಟ್ಟು ಮಲಗಿದರಾಯಿತು. ಒಂದೇ ಒಂದು ದೋಷ ಬಂದರೂ ‘ಪರವಾಗಿಲ್ಲ’ ಎನ್ನಬೇಡಿ, ಆ ಒಂದು ಬಿಟ್ ನಿಮ್ಮ ಪ್ರಾಜೆಕ್ಟ್ ಫೈಲಿನಲ್ಲಿ ಕೂರಬಹುದು. ದೋಷ ಬಂದರೆ ಎಸ್‌ಒಸಿ ವೋಲ್ಟೇಜ್ (ಮೆಮೊರಿ ಕಂಟ್ರೋಲರ್‌ಗೆ ಹೋಗುವುದು) 1.1ರ ಆಸುಪಾಸಿನಲ್ಲಿ ಇದೆಯೇ ನೋಡಿ, ರ‍್ಯಾಮಿನ ಗತಿ ತುಸು ಸಡಿಲಿಸುವ ಗೇರ್ ಡೌನ್ ಮೋಡ್ ಆನ್ ಮಾಡಿ, ಆಗಲೂ ಬಂದರೆ 3466ಕ್ಕೆ ಇಳಿಸಿ. ಆದರೆ ಒಂದೇ ಕಿಟ್ ಆಗಿಯೂ ಬರೆದ ವೇಗಕ್ಕೆ ಓಡದಿದ್ದರೆ ಮೊದಲು ಬಯೋಸ್ ಅಪ್‌ಡೇಟ್ ಮಾಡಿ ನೋಡಿ. ಆಮೇಲೂ ಹಾಗೆಯೇ ಇದ್ದರೆ ಕಿಟ್ ಬದಲಿಸಿಕೊಳ್ಳಿ.

ರ‍್ಯಾಮ್ ಪಾಸಾದ ಮೇಲೆ 4.6ಕ್ಕೆ ಮರಳಿ, ಕೆಲವು ದಿನ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ವೀಯಾ ಲಾಗರ್’ (WHEA-Logger, ಹಾರ್ಡ್‌ವೇರ್ ದೋಷಗಳ ದಾಖಲೆ) ಎಚ್ಚರಿಕೆಗಳು ಬರುತ್ತಿವೆಯೇ ನೋಡುತ್ತಿರಿ. ಅಲ್ಲಿಯವರೆಗೆ ಹಳೇ ಸ್ಟಿಕ್‌ಗಳನ್ನು ಮಾರಬೇಡಿ.