ಸಸ್ಕಟೂನಿನ ಚಳಿಯಲ್ಲಿ ಡೀಸೆಲ್ ಪಿಕಪ್ಪಿಗೆ ಕೈ ರೇಸ್: ಶಹಾಪುರದ ತಮ್ಮನಿಗೆ ಉತ್ತರ

ನಿಮ್ಮ ಪ್ರಶ್ನೆ ನನಗೆ ಚಿತ್ತಾಪುರ ತಾಲೂಕಿನ ನಮ್ಮ ಹೊಲದಲ್ಲಿ ತಲುಪಿತು. ತೊಗರಿ ರಾಶಿಗೆಂದು ಕೆನಡಾದ ಕೆಲಸಕ್ಕೆ ರಜೆ ಹಾಕಿ ಊರಿಗೆ ಬಂದಿದ್ದೇನೆ. ನೀವು ಶಹಾಪುರ ಬಿಟ್ಟು ಕೆನಡಾದ ಸಸ್ಕಟೂನಿಗೆ ಹೋಗಿ ಇನ್ನೂ ನಾಲ್ಕು ತಿಂಗಳಾಗಿಲ್ಲ; ಮೊದಲ ಚಳಿಗಾಲದ ನಟ್ಟನಡುವೆ ಇದ್ದೀರಿ. ಅಲ್ಲಿಯ ಬದುಕಿಗೆ ಹೊಂದಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಜೊತೆಗೆ, ವೆಲ್ಡಿಂಗ್ ಕೆಲಸಕ್ಕೆಂದು ಕೊಂಡ 2006ರ ಫೋರ್ಡ್ ಎಫ್-350 ಡೀಸೆಲ್ ಪಿಕಪ್ಪಿಗೆ, ನಿಂತಲ್ಲೇ ಎಂಜಿನ್ನಿನ ವೇಗ ಏರಿಸುವ ಹೈ ಐಡಲ್ ಸ್ವಿಚ್ಚನ್ನು ಕೈಯಾರೆ ಜೋಡಿಸಿಕೊಳ್ಳಬಹುದೇ ಎಂದೂ ವಿಚಾರಿಸಿದ್ದೀರಿ. ಮೊದಲನೆಯದಕ್ಕೂ ಗಾಡಿಯ ಮೂಲಕವೇ ಉತ್ತರಿಸುತ್ತೇನೆ. ಆ ಬಯಲಿನಲ್ಲಿ ಬೆಳಿಗ್ಗೆ ಗಾಡಿ ಶುರುವಾಗದಿದ್ದರೆ ಆ ದಿನದ ದುಡಿಮೆ ಇಲ್ಲ, ಊರಾಚೆಯ ರಸ್ತೆಯಲ್ಲಿ ಅದು ನಿಂತುಬಿಟ್ಟರೆ ಜೀವಕ್ಕೇ ಅಪಾಯ.

ಹೈ ಐಡಲ್ ಎಂಬುದು ನಿಮಗೆ ಹೊಸದಲ್ಲ. ಈಗ ನನ್ನೆದುರು ಟ್ರ್ಯಾಕ್ಟರ್ ನಿಂತಿದೆ, ಎಂಜಿನ್ನಿನ ಶಕ್ತಿಯನ್ನು ಹೊರಗಿನ ಯಂತ್ರಕ್ಕೆ ಕೊಡುವ ಅದರ ಪಿಟಿಒ ದಂಡಕ್ಕೆ ರಾಶಿ ಯಂತ್ರ ಕಟ್ಟಿದೆ, ಡ್ರೈವರ್ ಸ್ಟೇರಿಂಗಿನ ಬದಿಯ ಕೈ ರೇಸಿನ ಹಿಡಿಕೆಯನ್ನು ಎಳೆದಿಟ್ಟು ಕೆಳಗಿಳಿದು ನಿಂತಿದ್ದಾನೆ. ಕಾಲು ತೆಗೆದ ಮೇಲೂ ಎಂಜಿನ್ ಏರಿದ ವೇಗದಲ್ಲೇ ಓಡುತ್ತಿರುತ್ತದೆ. ನಿಮ್ಮ ಪಿಕಪ್ಪಿಗೆ ಬೇಕಾಗಿರುವುದೂ ಅದೇ ಹಿಡಿಕೆ. ಆದರೆ ಟ್ರ್ಯಾಕ್ಟರಿನ ಹಿಡಿಕೆಯನ್ನು ಕೆಲಸಕ್ಕಾಗಿ ಮಾಡಿದ್ದಾರೆ. ಸಸ್ಕಟೂನಿನ ಚಳಿಯಲ್ಲಿ ಅದು ಕೆಲಸಕ್ಕೂ ಬೇಕು, ಎಂಜಿನ್ನಿನ ಆರೋಗ್ಯಕ್ಕೂ ಬೇಕು.

ಡೀಸೆಲ್ ಎಂಜಿನ್ ಕಡಿಮೆ ವೇಗದಲ್ಲಿ ಸುಮ್ಮನೆ ಓಡುವಾಗ ಬಹಳ ಕಡಿಮೆ ಇಂಧನ ಉರಿಸುತ್ತದೆ, ಆದರೆ ಗಾಳಿಯನ್ನು ಮಾತ್ರ ಪೂರ್ತಿ ಎಳೆದುಕೊಳ್ಳುತ್ತದೆ. ಹೀಗಾಗಿ ಸಿಲಿಂಡರಿನೊಳಗಿನ ಶಾಖ ಸಾಕಾಗುವುದಿಲ್ಲ. ಮೈನಸ್ 30 ಡಿಗ್ರಿಯಲ್ಲಿ 700 ಆರ್‌ಪಿಎಂನಲ್ಲಿ ಎಷ್ಟು ಹೊತ್ತು ಬಿಟ್ಟರೂ ಎಂಜಿನ್ನಿನ ಸುತ್ತ ಹರಿಯುವ ಕೂಲೆಂಟ್ ದ್ರವ ಸಾಕಷ್ಟು ಬಿಸಿಯಾಗದೆ, ಹೀಟರಿನಿಂದ ತಣ್ಣನೆಯ ಗಾಳಿಯೇ ಬರುತ್ತಿರುತ್ತದೆ. ಪೂರ್ತಿ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಗಳ ಮೇಲಿನ ಎಣ್ಣೆಯ ಪದರವನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲಿನಲ್ಲಿ ಬೆರೆಯುತ್ತದೆ. ಮಸಿ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವಿನಲ್ಲಿ ಅಂಟಿ ಕೂರುತ್ತದೆ. ಇದನ್ನು ನಾನು ನಷ್ಟ ಅನುಭವಿಸಿಯೇ ಕಲಿತೆ. ಅಲ್ಲಿ ನಾನು ಕಳೆದ ಮೊದಲ ಚಳಿಗಾಲದಲ್ಲಿ ನನ್ನ ಹಳೆಯ 1996ರ ಡಾಡ್ಜ್ ಕಮಿನ್ಸ್ ಗಾಡಿಯನ್ನು, ಆರಿಸಿದರೆ ಮತ್ತೆ ಶುರುವಾಗದೆಂಬ ಹೆದರಿಕೆಯಿಂದ, ದಿನವೂ ಗಂಟೆಗಟ್ಟಲೆ ಕಡಿಮೆ ವೇಗದಲ್ಲೇ ಓಡಲು ಬಿಟ್ಟಿದ್ದೆ. ಒಂದು ದಿನ ಡಿಪ್‌ಸ್ಟಿಕ್ ಎಳೆದು ನೋಡಿದಾಗ ಎಣ್ಣೆ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು, ಮೂಗಿನ ಬಳಿ ಹಿಡಿದರೆ ಬರೀ ಡೀಸೆಲ್ಲಿನ ವಾಸನೆ. ವೇಗವನ್ನು 1,000ದಿಂದ 1,200ರ ನಡುವೆ ಇಟ್ಟರೆ ಉರಿತ ಸುಧಾರಿಸುತ್ತದೆ, ಎಣ್ಣೆಯ ಒತ್ತಡ ಏರುತ್ತದೆ, ಬ್ಯಾಟರಿ ತುಂಬುವ ಆಲ್ಟರ್ನೇಟರ್ ಹೆಚ್ಚು ವಿದ್ಯುತ್ತು ಕೊಡುತ್ತದೆ.

ಈ ಕೊನೆಯ ಮಾತು ನಿಮ್ಮ ಗಾಡಿಗೆ ವಿಶೇಷವಾಗಿ ಅನ್ವಯಿಸುತ್ತದೆ. ನಿಮ್ಮದು 6.0 ಲೀಟರಿನ ಪವರ್ ಸ್ಟ್ರೋಕ್ ಎಂಜಿನ್. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಅದರ ಇಂಜೆಕ್ಟರುಗಳನ್ನು ಎಂಜಿನ್ ಆಯಿಲಿನ ಹೆಚ್ಚಿನ ಒತ್ತಡವೇ ನಡೆಸುತ್ತದೆ, ಅವುಗಳಿಗೆ 48 ವೋಲ್ಟಿನ ವಿದ್ಯುತ್ತನ್ನು ಎಫ್‌ಐಸಿಎಂ ಎಂಬ ಪೆಟ್ಟಿಗೆ ಕೊಡುತ್ತದೆ. ಎಣ್ಣೆ ಬೆಲ್ಲದ ಪಾಕದಂತೆ ಗಟ್ಟಿಯಾಗಿದ್ದರೆ ಇಂಜೆಕ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಎರಡು ಬ್ಯಾಟರಿಗಳಲ್ಲಿ ಒಂದು ಸೊರಗಿದರೂ ಎಫ್‌ಐಸಿಎಂ ತನ್ನ ಶಕ್ತಿ ಮೀರಿ ದುಡಿದು ಕೆಡುತ್ತದೆ, ಮತ್ತು ಅದರ ಬೆಲೆ ಹೊಸಬರಿಗೆ ಭರಿಸಲಾರದಷ್ಟು. ಎಂಜಿನ್ ಶುರುವಾದ ಮೇಲೂ ಸಿಲಿಂಡರಿನೊಳಗನ್ನು ಬಿಸಿಮಾಡುವ ಗ್ಲೋ ಪ್ಲಗ್‌ಗಳು ಸ್ವಲ್ಪ ಹೊತ್ತು ಭಾರೀ ವಿದ್ಯುತ್ತು ಎಳೆಯುತ್ತಿರುತ್ತವೆ. ಅದರ ಮೇಲೆ ಹೀಟರ್ ಫ್ಯಾನು, ದೀಪಗಳು, ನಿಮ್ಮ ಕೆಲಸದ ಉಪಕರಣಗಳು. ಆದ್ದರಿಂದ ಸ್ವಿಚ್ ಹಾಕಿಸುವುದು ಸರಿಯಾದ ನಿರ್ಧಾರವೇ. ಆದರೆ ಅದು ಮೂರನೆಯ ಕೆಲಸ, ಮೊದಲನೆಯದಲ್ಲ.

ಮೊದಲನೆಯದು, ನಿಂತ ಎಂಜಿನ್ನನ್ನು ಕರೆಂಟಿನಿಂದ ಬಿಸಿಯಾಗಿಡುವ ಬ್ಲಾಕ್ ಹೀಟರ್. ಗಾಡಿಯ ಮುಂಭಾಗದ ಜಾಲರಿಯಿಂದ ಪ್ಲಗ್ಗಿನ ವೈರು ಇಳಿಬಿದ್ದಿರುವುದನ್ನು ನೀವು ನೋಡಿರಬಹುದು. ಅಲ್ಲಿಯ ವಾಹನ ನಿಲ್ದಾಣಗಳಲ್ಲಿ ಕಂಬಕ್ಕೊಂದು ಪ್ಲಗ್ ಇಟ್ಟಿರುವುದು ಇದಕ್ಕಾಗಿಯೇ. ರಾತ್ರಿಯಿಡೀ ಹಾಕಿಡಬೇಕಿಲ್ಲ, ಟೈಮರ್ ಕೊಂಡು ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮುಂಚೆ ಶುರುವಾಗುವಂತೆ ಹೊಂದಿಸಿ. ಎರಡನೆಯದು ಎಣ್ಣೆ. ನಮ್ಮ ಕಲಬುರಗಿಯ ಸೆಕೆಗೆ ಒಗ್ಗುವ 15ಡಬ್ಲ್ಯೂ-40 ಅಲ್ಲಿಯ ಜನವರಿಗೆ ಸಲ್ಲದು. ಚಳಿಯಲ್ಲೂ ಸಲೀಸಾಗಿ ಹರಿಯುವ 5ಡಬ್ಲ್ಯೂ-40 ಸಿಂಥೆಟಿಕ್ ಹಾಕಿಸಿ. ಡೀಸೆಲ್ಲಿನಲ್ಲಿರುವ ಮೇಣ ಚಳಿಗೆ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟುತ್ತದೆ. ಬಂಕಿನಲ್ಲಿ ಚಳಿಗಾಲಕ್ಕೆ ತಕ್ಕ ಡೀಸೆಲ್ ಸಿಗುತ್ತದೆ, ಬೇಸಿಗೆಯದು ಟ್ಯಾಂಕಿನಲ್ಲಿ ಉಳಿಯದಂತೆ ನೋಡಿಕೊಳ್ಳಿ.

ಇನ್ನು ಸ್ವಿಚ್ಚಿನ ಮಾತು. ನನ್ನ ಹಳೆಯ ಡಾಡ್ಜಿನಲ್ಲಿ ಎಲ್ಲವೂ ಯಾಂತ್ರಿಕವಾಗಿತ್ತು. ಡ್ಯಾಶ್‌ಬೋರ್ಡಿನಿಂದ ಇಂಜೆಕ್ಷನ್ ಪಂಪಿನ ಲಿವರಿಗೆ ಒಂದು ಕೇಬಲ್ ಎಳೆದು, ತಿರುಗಿಸಿದರೆ ಬಿಗಿಯಾಗುವ ಗುಬುಟು ಹಾಕಿದ್ದೆ. ಲಿವರನ್ನು ಹಿಂದಕ್ಕೆಳೆಯುವ ಸ್ಪ್ರಿಂಗನ್ನು ಮಾತ್ರ ಮುಟ್ಟಿರಲಿಲ್ಲ. ನಿಮ್ಮ ಗಾಡಿಯಲ್ಲಿ ಆಕ್ಸಿಲರೇಟರ್ ಕೇಬಲ್ಲೇ ಇಲ್ಲ, ವೇಗವನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಒಳ್ಳೆಯ ಸಂಗತಿಯೆಂದರೆ, ಆಂಬುಲೆನ್ಸು, ಕ್ರೇನು ಮುಂತಾದವನ್ನು ಕಟ್ಟುವವರಿಗೆಂದು ಫೋರ್ಡ್ ಕಂಪನಿ ಈ ಸೌಲಭ್ಯವನ್ನು ಕಂಪ್ಯೂಟರಿನಲ್ಲಿ ಮೊದಲೇ ಇಟ್ಟಿದೆ. ಅದನ್ನು ಎಸ್‌ಇಐಸಿ ಎನ್ನುತ್ತಾರೆ. ಅದಕ್ಕೆ ಬೇಕಾದ ವೈರುಗಳು ಯಾವುದಕ್ಕೂ ಜೋಡಿಸದೆ, ತುದಿ ಮುಚ್ಚಿದ ಸ್ಥಿತಿಯಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿವೆ. ಫ್ಯೂಸ್ ಮತ್ತು ಸ್ವಿಚ್ ಮೂಲಕ ಬ್ಯಾಟರಿಯ ವೋಲ್ಟೇಜನ್ನು ಸರಿಯಾದ ವೈರಿಗೆ ಕೊಟ್ಟರೆ ವೇಗ ಏರುತ್ತದೆ. ರೆಸಿಸ್ಟರ್ ಸೇರಿಸಿ ಆ ವೇಗವನ್ನು ಬದಲಿಸಬಹುದು. ವೈರಿನ ಬಣ್ಣವನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ವರ್ಷದಿಂದ ವರ್ಷಕ್ಕೆ ಅದು ಬದಲಾಗುತ್ತದೆ, ಪಕ್ಕದ ತಪ್ಪು ವೈರಿಗೆ 12 ವೋಲ್ಟ್ ಕೊಟ್ಟರೆ ಕಂಪ್ಯೂಟರೇ ಸುಡಬಹುದು. ಫೋರ್ಡಿನ ಬಾಡಿ ಬಿಲ್ಡರ್ಸ್ ಲೇಔಟ್ ಬುಕ್‌ನಲ್ಲಿ ನಿಮ್ಮ ಮಾದರಿ ವರ್ಷದ ಪುಟವನ್ನೇ ತೆಗೆದು ಎದುರಿಗಿಟ್ಟುಕೊಂಡು ಕೆಲಸ ಮಾಡಿ. ಜೋಡಣೆಗಳನ್ನು ಬೆಸುಗೆ ಹಾಕಿ, ಶಾಖಕ್ಕೆ ಬಿಗಿಯುವ ಕೊಳವೆಯಿಂದ ಮುಚ್ಚಿ. ಅಲ್ಲಿ ರಸ್ತೆಗೆ ಹಾಕುವ ಉಪ್ಪು ಕಾಲಿನ ಬೂಟಿನೊಂದಿಗೆ ಒಳಗೆ ಬಂದು ತಾಮ್ರವನ್ನು ತಿನ್ನುತ್ತದೆ. ಬರೀ ಟೇಪು ಸುತ್ತಿದ ವೈರು ಎರಡು ಚಳಿಗಾಲ ಬಾಳುವುದಿಲ್ಲ.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಮುಂದಿನದು. ಗೇರು ಪಾರ್ಕಿನಲ್ಲಿರಬೇಕು, ಪಾರ್ಕಿಂಗ್ ಬ್ರೇಕ್ ಎಳೆದಿರಬೇಕು, ಬ್ರೇಕ್ ಪೆಡಲ್ ಮೇಲೆ ಕಾಲಿರಬಾರದು, ಗಾಡಿ ನಿಂತಿರಬೇಕು. ಇಷ್ಟೂ ಕೂಡಿಬಂದರೆ ಮಾತ್ರ ಕಂಪ್ಯೂಟರ್ ವೇಗ ಏರಿಸುತ್ತದೆ, ಒಂದು ತಪ್ಪಿದರೂ ಇಳಿಸಿಬಿಡುತ್ತದೆ. ಪಾರ್ಕಿಂಗ್ ಬ್ರೇಕಿನ ವೈರನ್ನು ಗಾಡಿಯ ಲೋಹದ ಮೈಗೆ ಮುಟ್ಟಿಸಿ, ಬ್ರೇಕ್ ಎಳೆದಿದೆಯೆಂದು ಕಂಪ್ಯೂಟರನ್ನು ನಂಬಿಸುವ ಉಪಾಯವನ್ನು ಯಾರಾದರೂ ನಿಮಗೆ ಹೇಳಿಕೊಟ್ಟೇ ಕೊಡುತ್ತಾರೆ. ಅವರ ಕಾರಣದಲ್ಲಿ ಸತ್ಯವಿಲ್ಲದಿಲ್ಲ: ಒದ್ದೆಯಾದ ಬ್ರೇಕ್ ಎಳೆದಿಟ್ಟರೆ ಚಳಿಗೆ ಹೆಪ್ಪುಗಟ್ಟಿ ಬೆಳಿಗ್ಗೆ ಬಿಡುವುದಿಲ್ಲ, ಹಾಗಾಗಿ ಅಲ್ಲಿಯ ಹಲವರು ಅದನ್ನು ಎಳೆಯುವ ರೂಢಿಯನ್ನೇ ಬಿಟ್ಟಿದ್ದಾರೆ. ಆದರೂ ಆ ಉಪಾಯಕ್ಕೆ ಒಪ್ಪಬೇಡಿ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ಗಾಡಿಯಲ್ಲಿ ಕೇಬಲ್ಲಿನ ಕೈ ರೇಸಿತ್ತು, ತಡೆ ಯಾವುದೂ ಇರಲಿಲ್ಲ. ರೇಸ್ ಇಳಿಸಲು ಮರೆತು ಗೇರು ಡ್ರೈವಿಗೆ ಹಾಕಿದ ಕ್ಷಣ ಗಾಡಿ ಮಂಜುಗಡ್ಡೆಯ ಮೇಲೆ ಚಿಮ್ಮಿ, ಎದುರಿನ ಬೇಲಿ ಮುರಿದು ನಿಂತಿತು. ಬೇಲಿಯ ಬಳಿ ಐದು ನಿಮಿಷದ ಹಿಂದೆ ಇಬ್ಬರು ನಿಂತು ಮಾತನಾಡುತ್ತಿದ್ದರು. ಎಂಜಿನ್ ಓಡುವಷ್ಟು ಹೊತ್ತು ಬ್ರೇಕ್ ಎಳೆದಿಡಿ. ರಾತ್ರಿ ನಿಲ್ಲಿಸುವಾಗ ಅದನ್ನು ಬಿಟ್ಟು, ಗಾಲಿಗೆ ಕಟ್ಟಿಗೆಯ ಅಡೆ ಕೊಡಿ.

ಬಳಸುವ ಕ್ರಮ ಹೀಗಿರಲಿ. ಶುರುವಾದ ಕೂಡಲೇ ರೇಸ್ ಏರಿಸದೆ, ಎಣ್ಣೆ ಎಲ್ಲ ಕಡೆ ತಲುಪಲು ಒಂದೆರಡು ನಿಮಿಷ ಬಿಡಿ. ಅನಂತರ ಸ್ವಿಚ್ ಹಾಕಿ, ಗಾಜಿನ ಹಿಮ ಕೆರೆಯುವಷ್ಟು ಹೊತ್ತು ಓಡಿಸಿ, ಮೆಲ್ಲಗೆ ಹೊರಡಿ. ನಿಂತಲ್ಲೇ ಅರ್ಧ ಗಂಟೆ ಓಡಿಸಿದರೂ ಗೇರ್‌ಬಾಕ್ಸಿನ ಎಣ್ಣೆ, ಡಿಫರೆನ್ಷಿಯಲ್, ಟೈರುಗಳು ತಣ್ಣಗೇ ಇರುತ್ತವೆ. ಅವು ಬಿಸಿಯಾಗುವುದು ನಡೆದಾಗಲೇ. ಗ್ಯಾರೇಜಿನೊಳಗೆ ಬಾಗಿಲು ತೆರೆದಿದ್ದರೂ ಹೀಗೆ ಓಡಿಸಬೇಡಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಎಕ್ಸಾಸ್ಟಿನ ಬಾಯಿ ಹಿಮದ ರಾಶಿಯಲ್ಲಿ ಮುಚ್ಚಿಹೋಗಿದ್ದರೆ ಮೊದಲು ಅದನ್ನು ಬಿಡಿಸಿ. ಹೊರೆ ಎಳೆದು ಬಂದ ಮೇಲೆ ಟರ್ಬೊ ತಣಿಯಲು ಎಂಜಿನ್ನನ್ನು ಓಡಲು ಬಿಡುವಾಗ ಕಡಿಮೆ ವೇಗವೇ ಇರಲಿ, ಅಲ್ಲಿ ಹೈ ಐಡಲ್ ಬೇಡ.

ಫೆಬ್ರವರಿ ಮೊದಲ ವಾರ ನಾನು ಮರಳುತ್ತೇನೆ. ಅಲ್ಲಿಯವರೆಗೆ ಪ್ಲಗ್ಗು, ಎಣ್ಣೆ, ಎರಡೂ ಬ್ಯಾಟರಿಗಳ ಪರೀಕ್ಷೆ ಮುಗಿಸಿಡಿ, ವೈರಿಗೆ ಕೈ ಹಾಕಬೇಡಿ. ಒಂದು ಭಾನುವಾರ ಗಾಡಿಯನ್ನು ನಮ್ಮ ಮನೆಗೆ ತನ್ನಿ. ಬೆಸುಗೆಯ ಸಾಮಾನು ನನ್ನಲ್ಲಿದೆ, ಆ ಪುಸ್ತಕದ ಪುಟವನ್ನು ನೀವು ಮುದ್ರಿಸಿ ತಂದರೆ ಸಾಕು; ಮೊದಲು ಪಾರ್ಕಿಂಗ್ ಬ್ರೇಕಿನ ಕೇಬಲ್ ಸಲೀಸಾಗಿ ಎಳೆದು ಬಿಡುತ್ತದೆಯೇ ನೋಡಿ, ಆಮೇಲೆ ಸ್ವಿಚ್ಚಿನ ಕೆಲಸಕ್ಕೆ ಕೂರೋಣ.