ಹೃದಯದ ಕವಾಟ ತೀರಾ ಗಟ್ಟಿಯಾದವರನ್ನು ಔಷಧ ಪ್ರಯೋಗಕ್ಕೆ ಯಾಕೆ ಸೇರಿಸಿಕೊಳ್ಳುವುದಿಲ್ಲ?

ಮಾತ್ರೆಯಿಂದ ಹೆಚ್ಚೆಂದರೆ ಕವಾಟದಲ್ಲಿ ಕ್ಯಾಲ್ಸಿಯಂ ಕಟ್ಟುವ ವೇಗ ತಗ್ಗೀತು. ಕಟ್ಟಿದ್ದು ಕರಗುವ ಭರವಸೆ ಇಲ್ಲ. ಕವಾಟ ತೀರಾ ಕಿರಿದಾಗಿ ಏದುಸಿರು, ಎದೆನೋವು ಶುರುವಾದವರಿಗೆ ಬೇಕಾದದ್ದು ಕವಾಟದ ಬದಲಾವಣೆ. ಪ್ರಯೋಗದ ಹೆಸರಲ್ಲಿ ಅವರನ್ನು ವರ್ಷಗಟ್ಟಲೆ ಕಾಯಿಸುವುದು ಅಪಾಯ.

2008ರಲ್ಲಿ ಫಲಿತಾಂಶ ಬಂದ ಯುರೋಪಿನ ‘ಸೀಸ್’ ಪ್ರಯೋಗವನ್ನೇ ನೋಡಿ; ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಗಳಿಂದ ಕವಾಟ ಕಿರಿದಾಗುವುದು ನಿಲ್ಲುತ್ತದೆಯೇ ಎಂಬುದು ಅದರ ಪ್ರಶ್ನೆ. ಸೇರಿಸಿಕೊಂಡ 1,873 ಮಂದಿಗೂ ತೊಂದರೆ ಅಲ್ಪ ಅಥವಾ ಮಧ್ಯಮ ಹಂತದ್ದು, ಲಕ್ಷಣಗಳಿಲ್ಲ. ಸಕ್ಕರೆ ಕಾಯಿಲೆಯವರನ್ನೂ ಬಿಟ್ಟರು: ಅವರಿಗೆ ಕೊಲೆಸ್ಟ್ರಾಲ್ ಮಾತ್ರೆ ಹೇಗೂ ಬೇಕು, ಹೋಲಿಕೆಗೆಂದು ಔಷಧವಿಲ್ಲದ ಹುಸಿ ಮಾತ್ರೆ ಕೊಡುವಂತಿಲ್ಲ. ನಾಲ್ಕು ವರ್ಷ ದಾಟಿತು, ಕೆಟ್ಟ ಕೊಲೆಸ್ಟ್ರಾಲ್ ಅರ್ಧಕ್ಕಿಂತ ಹೆಚ್ಚು ಇಳಿಯಿತು; ಕವಾಟ ಕಿರಿದಾಗುವುದು ಮಾತ್ರ ನಿಲ್ಲಲಿಲ್ಲ. ಕ್ಯಾಲ್ಸಿಯಂ ಕಟ್ಟುವುದು ಒಮ್ಮೆ ಶುರುವಾದ ಮೇಲೆ ಕವಾಟದ ಜೀವಕೋಶಗಳೇ ಮೂಳೆ ಕಟ್ಟುವ ಕೋಶಗಳಂತೆ ವರ್ತಿಸತೊಡಗುತ್ತವೆ, ಕೊಬ್ಬು ಇಳಿಸಿದರೆ ಆ ಕೆಲಸ ನಿಲ್ಲುವುದಿಲ್ಲ.