ಆರೋಗ್ಯಕರ ಊಟ ಅಂದರೆ ಖರ್ಚು ಜಾಸ್ತಿನಾ?

ಹಾಗೇನಿಲ್ಲ. ದುಬಾರಿ ಅನ್ನಿಸುವುದು ನಾವು ಅಳೆಯುವ ರೀತಿಯಿಂದ. ಒಂದು ಗ್ರಾಂ ಎಣ್ಣೆಯಲ್ಲಿ ಸುಮಾರು 9 ಕ್ಯಾಲೊರಿ ಇರುತ್ತದೆ, ಸೊಪ್ಪು ತರಕಾರಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ನೀರು, ಹಾಗಾಗಿ ಕ್ಯಾಲೊರಿ ಲೆಕ್ಕ ಹಾಕಿದರೆ ಕರಿದ ತಿಂಡಿಯ ಪ್ಯಾಕೆಟ್ಟೇ ಅಗ್ಗ. ಅದೇ ಒಂದು ಹೊತ್ತಿಗೆ ತಟ್ಟೆಗೆ ಎಷ್ಟು ಬಡಿಸಿಕೊಳ್ಳುತ್ತೇವೆ ಅಂತ ನೋಡಿದರೆ ತರಕಾರಿ ಎಷ್ಟೋ ಸಲ ಕಡಿಮೆಗೇ ಬೀಳುತ್ತದೆ.

ಉಳಿತಾಯ ಬೇಕಾ, ಮೊದಲು ಒಣ ಕಾಳು ತಗೊಳ್ಳಿ. ನೆನೆಸಿ ಬೇಯಿಸಿದರೆ ಒಂದು ಲೋಟ ಎರಡು ಲೋಟಕ್ಕೂ ಜಾಸ್ತಿ ಆಗುತ್ತದೆ, ಪ್ರೋಟೀನ್ ಚೆನ್ನಾಗಿ ಸಿಗುತ್ತದೆ, ಡಬ್ಬದಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ತರಕಾರಿ ಆಯಾ ಕಾಲದ್ದೇ ಇರಲಿ. ಫ್ರೋಜನ್ ಬಟಾಣಿ ಕಂಡರೆ ಮೂಗು ಮುರಿಯಬೇಡಿ, ಕೊಯ್ದ ಸ್ವಲ್ಪ ಹೊತ್ತಿಗೇ ಹೆಪ್ಪುಗಟ್ಟಿಸುವುದರಿಂದ ಸತ್ವ ಬಹುಮಟ್ಟಿಗೆ ಉಳಿದಿರುತ್ತದೆ. 'ಹೆಲ್ತಿ' ಅಂತ ದೊಡ್ಡದಾಗಿ ಬರೆದ ಬಿಸ್ಕತ್ತು, ಪುಡಿ, ಬಾರ್ ಎಲ್ಲ ಸುಮ್ನೆ ಬಿಟ್ಟುಬಿಡಿ, ನನ್ನ ಪ್ರಕಾರ ಜನರ ದುಡ್ಡು ಹೋಗುವುದೇ ಅಲ್ಲಿ.

ಇನ್ನೊಂದು, ತಂದದ್ದು ಕೊಳೆತು ಕಸಕ್ಕೆ ಹೋದರೆ ಅಗ್ಗಕ್ಕೆ ತಂದೂ ಲಾಭವಿಲ್ಲ ಅಲ್ವಾ? ಅಂಗಡಿಗೆ ಹೊರಡುವ ಮುಂಚೆ ಫ್ರಿಜ್ ತೆಗೆದು ನೋಡಿ. ಬೇಗ ಬಾಡುವ ಸೊಪ್ಪನ್ನು ಮೊದಲೆರಡು ದಿನದಲ್ಲೇ ಮುಗಿಸಿ, ಕ್ಯಾರೆಟ್, ಎಲೆಕೋಸು ವಾರದ ಕೊನೆಗೆ ಇಟ್ಟುಕೊಳ್ಳಿ.